ಹುಲ್ಲು ಹೋಯ್ತು, ಹಕ್ಕಿಯೂ ಹೋಯ್ತು: ಸೊನೋರಾ ಮರುಭೂಮಿಯ ಲಾವಕ್ಕಿ ಕಥೆ

ಇವತ್ತಿನ ಇತಿಹಾಸ ರಾಜರದ್ದಲ್ಲ, ಒಂದು ಪುಟ್ಟ ಹಕ್ಕಿಯದ್ದು. ಹೆಸರು ಮಾಸ್ಕ್ಡ್ ಬಾಬ್‌ವೈಟ್. ನಮ್ಮ ಹೊಲದ ಬದುವಿನಿಂದ ಪುರ್ರ್ ಅಂತ ಏಳುತ್ತಲ್ಲ ಲಾವಕ್ಕಿ, ಅದರ ದೂರದ ನೆಂಟ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೋದ ಸೊನೋರಾ ರಾಜ್ಯಗಳ ಗಡಿಯಲ್ಲಿ, ಮರುಭೂಮಿಯ ಹುಲ್ಲುಗಾವಲಿನಲ್ಲಿ ಇದರ ವಾಸ. ಗಂಡಿಗೆ ಕಪ್ಪು ಮುಖ, ಇಟ್ಟಿಗೆ ಬಣ್ಣದ ಎದೆ.

1880ರಲ್ಲಿ ಅರಿಜೋನಾದ ಟೂಸಾನ್‌ಗೆ ರೈಲು ಬಂತು. ದನ ಸಾಕಣೆ ದೊಡ್ಡ ವ್ಯಾಪಾರವಾಯ್ತು. ಮೇವು ಪುಕ್ಕಟೆ, ದನ ಹೆಚ್ಚಿದಷ್ಟೂ ಲಾಭ. ಆ ಲೆಕ್ಕದ ಪುಸ್ತಕದಲ್ಲಿ ಹುಲ್ಲಿನ ಬೆಲೆಯನ್ನು ಯಾರೂ ಬರೆಯಲಿಲ್ಲ. 1885ರಲ್ಲಿ ವಿಲಿಯಂ ಬ್ರೂಸ್ಟರ್ ಎಂಬ ಪಕ್ಷಿತಜ್ಞ ಈ ಹಕ್ಕಿಗೆ ವೈಜ್ಞಾನಿಕ ಹೆಸರಿಟ್ಟರು. 1891ರಿಂದ 93ರವರೆಗೆ ಭೀಕರ ಬರ. ಹಸಿದ ದನಗಳು ಬುಡದವರೆಗೂ ಮೇಯ್ದವು, ಆಮೇಲೆ ತಾವೂ ಸತ್ತವು. ಈ ಹಕ್ಕಿ ಗೂಡು ಕಟ್ಟೋದು ನೆಲದ ಮೇಲೆ, ಗಿಡುಗದಿಂದ ಬಚ್ಚಿಟ್ಟುಕೊಳ್ಳೋದು ಹುಲ್ಲಿನಲ್ಲಿ. ಹುಲ್ಲಿಲ್ಲದ ಮೇಲೆ ಎಲ್ಲಿಗೆ ಹೋಗಬೇಕು? 1900ರ ಹೊತ್ತಿಗೆ ಅರಿಜೋನಾದಲ್ಲಿ ಇದು ಇಲ್ಲವಾಯ್ತು. ಹೆಸರು ಸಿಕ್ಕಿ ಹದಿನೈದೇ ವರ್ಷ!

ಕಥೆ ಮುಗಿಯಿತು ಅನ್ನುವಾಗ, 1964ರಲ್ಲಿ ಸೊನೋರಾದ ಬೆಂಜಮಿನ್ ಹಿಲ್ ಬಳಿ ಕೆಲವು ಹಕ್ಕಿಗಳು ಕಂಡವು. 1967ರಲ್ಲಿ ಅಮೆರಿಕ ಸರ್ಕಾರದ ಅಳಿವಿನಂಚಿನ ಜೀವಿಗಳ ಮೊದಲ ಪಟ್ಟಿಯಲ್ಲೇ ಇದಕ್ಕೆ ಜಾಗ ಸಿಕ್ಕಿತು. ಮೇರಿಲ್ಯಾಂಡ್‌ನ ಪಟಕ್ಸೆಂಟ್ ಸಂಶೋಧನಾ ಕೇಂದ್ರದಲ್ಲಿ ಸಾಕಿ ಮರಿ ಮಾಡಿಸಿದರು. ಮರಿಗಳೇನೋ ಆದವು. ಆದರೆ ಪಂಜರದಲ್ಲಿ ಬೆಳೆದ ಮರಿಗೆ ಗಿಡುಗ ಅಂದರೇನು, ಯಾವಾಗ ಅವಿತುಕೊಳ್ಳಬೇಕು ಅಂತ ಹೇಳಿಕೊಡೋರು ಯಾರು? ಕಾಡಿಗೆ ಬಿಟ್ಟವು ಉಳಿಯುತ್ತಿರಲಿಲ್ಲ.

ಅದಕ್ಕೊಂದು ಉಪಾಯ ಹೂಡಿದರು. ಟೆಕ್ಸಾಸ್‌ನ ಕಾಡು ಬಾಬ್‌ವೈಟ್ ಗಂಡುಗಳನ್ನು ಹಿಡಿದು, ತಳಿ ಬೆರಕೆಯಾಗದಂತೆ ಸಂತಾನಹರಣ ಚಿಕಿತ್ಸೆ ಮಾಡಿ, ಮರಿಗಳ ಜೊತೆ ಬಿಟ್ಟರು. ಸಾಕಪ್ಪಂದಿರು ಅನ್ನಿ! ಅವು ಮರಿಗಳನ್ನು ರೆಕ್ಕೆ ಕೆಳಗೆ ಸೇರಿಸಿಕೊಂಡು ಕಾಡಿನ ಪಾಠ ಕಲಿಸಿದವು. 1985ರಲ್ಲಿ ಅರಿಜೋನಾದಲ್ಲಿ ಬ್ಯೂನಸ್ ಐರಿಸ್ ವನ್ಯಜೀವಿಧಾಮ ಆಯ್ತು, ಅಲ್ಲಿ ದನ ಮೇಯಿಸೋದು ನಿಂತಿತು. ಈಗ ಓಕ್ಲಹೋಮಾದ ಸಟನ್ ಕೇಂದ್ರದಲ್ಲಿ ಹುಟ್ಟಿದ ಮರಿಗಳು ಅಲ್ಲಿಗೆ ಬರುತ್ತಿವೆ.

ಸ್ಥಿತಿ ಏನು ಅಂತ ಕೇಳಿದರೆ ಉತ್ತರ ಎರಡು. ಇದು ಒಂದು ಉಪಜಾತಿ. ಇದರ ಮೂಲ ಜಾತಿಯಾದ ನಾರ್ದರ್ನ್ ಬಾಬ್‌ವೈಟ್, ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ಅಪಾಯದ ಸಮೀಪ' ಮಾತ್ರ. ಆ ಒಂದು ಸಾಲು ನೋಡಿದರೆ ಪರವಾಗಿಲ್ಲ ಅನ್ನಿಸುತ್ತೆ. ಅಮೆರಿಕದ ಕಾನೂನಿನಲ್ಲಿ ಈ ಕಪ್ಪು ಮುಖದ ಹಕ್ಕಿ ಇಂದಿಗೂ ಅಳಿವಿನಂಚಿನಲ್ಲೇ ಇದೆ. ಜಾತಿಯ ಒಟ್ಟು ಲೆಕ್ಕದಲ್ಲಿ ಈ ಹಕ್ಕಿಯ ಕಷ್ಟ ಕಾಣೋದೇ ಇಲ್ಲ.

ಹದಿನೈದು ವರ್ಷದಲ್ಲಿ ಹೋದದ್ದನ್ನು ಅರ್ಧ ಶತಮಾನ ದಾಟಿದರೂ ಪೂರ್ತಿ ವಾಪಸ್ ತರೋಕಾಗಿಲ್ಲ. ಮೊಟ್ಟೆಗೆ ಕಾವು ಕೊಡೋ ಯಂತ್ರ ಇದೆ. ಅಪ್ಪ ಅಮ್ಮ ಕಲಿಸೋ ಬದುಕಿಗೆ, ಅಡಗೋಕೆ ಬೇಕಾದ ಹುಲ್ಲಿಗೆ ಯಂತ್ರ ಇಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.