ಗಾಯಗೊಂಡ ದನಗಳ ತುರ್ತು ತಪಾಸಣೆ ಮತ್ತು ಪ್ರಥಮ ಚಿಕಿತ್ಸೆ

ಮುಳ್ಳುತಂತಿ, ವಾಹನದ ಡಿಕ್ಕಿ, ದನಗಳ ಕಾದಾಟ, ಜಾರಿ ಬೀಳುವಿಕೆ ಹೀಗೆ ಕಾರಣ ಯಾವುದೇ ಇರಲಿ, ದನಕ್ಕೆ ಪೆಟ್ಟಾದಾಗ ನಮ್ಮ ಕಣ್ಣು ಮೊದಲು ಹೋಗುವುದು ಗಾಯದ ಕಡೆಗೆ. ಆದರೆ ಚರ್ಮ ಸುಲಿದು ಭೀಕರವಾಗಿ ಕಾಣುವ ಗಾಯಕ್ಕಿಂತ ಹೊರಗೆ ಕಾಣದ ಒಳರಕ್ತಸ್ರಾವವೇ ಹೆಚ್ಚು ಅಪಾಯಕಾರಿಯಾಗಿರಬಹುದು. ಆದ್ದರಿಂದ ಗಾಯವನ್ನು ನೋಡುವ ಮುನ್ನ ದನವನ್ನು ನೋಡಬೇಕು.

ನೋವಿನಲ್ಲಿರುವ ಸಾಧು ಹಸುವೂ ಹಾಯಬಹುದು, ಒದೆಯಬಹುದು. ಪರಿಚಿತರೊಬ್ಬರು ತಲೆಯನ್ನು ಹಿಡಿದಿರಲಿ. ವಿದ್ಯುತ್ ತಂತಿ ತಗುಲಿರುವ ಸಂಶಯವಿದ್ದರೆ ವಿದ್ಯುತ್ ಕಡಿತಗೊಳ್ಳುವವರೆಗೆ ಮುಟ್ಟಕೂಡದು. ಮತ್ತೊಬ್ಬರು ಅಷ್ಟರಲ್ಲಿ ಪಶುವೈದ್ಯರಿಗೆ ಅಥವಾ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಲಿ.

ಹತ್ತಿರ ಹೋಗುವ ಮೊದಲೇ ಪಕ್ಕೆಯ ಏರಿಳಿತ ನೋಡಿ ಉಸಿರನ್ನು ಎಣಿಸಿ. ವಿಶ್ರಾಂತಿಯಲ್ಲಿರುವ ದೊಡ್ಡ ದನವು ನಿಮಿಷಕ್ಕೆ ಸುಮಾರು 15ರಿಂದ 30 ಬಾರಿ ಉಸಿರಾಡುತ್ತದೆ. ಬಿಸಿಲಿನ ವೇಳೆ ಇದು ಏರುವುದರಿಂದ ಅದೇ ಕೊಟ್ಟಿಗೆಯ ಮತ್ತೊಂದು ದನದೊಡನೆ ಹೋಲಿಸಿ ನೋಡುವುದು ಉತ್ತಮ. ಬಾಲದ ಬುಡದ ಕೆಳಭಾಗದಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ನಿಮಿಷಕ್ಕೆ 60ರಿಂದ 80 ಸಾಮಾನ್ಯ. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಎಮ್ಮೆಗಳಲ್ಲಿಯೂ ಕಪ್ಪು ಒಸಡಿನ ದನಗಳಲ್ಲಿಯೂ ಇದು ತಿಳಿಯದು. ಅಂಥವುಗಳಲ್ಲಿ ಕೆಳರೆಪ್ಪೆಯ ಒಳಭಾಗವನ್ನು ನೋಡಿ. ಅದು ಬಿಳಿಚಿಕೊಂಡು, ಕಿವಿ ತಣ್ಣಗಾಗಿ, ನಾಡಿ ವೇಗವಾಗಿ ಕ್ಷೀಣವಾಗಿದ್ದರೆ ಗಾಯ ಚಿಕ್ಕದಾಗಿ ಕಂಡರೂ ಅದು ತುರ್ತು ಸ್ಥಿತಿಯೇ.

400 ಕಿಲೋ ತೂಕದ ಹಸುವಿನಲ್ಲಿ ಸುಮಾರು 30 ಲೀಟರ್ ರಕ್ತವಿರುತ್ತದೆ. ನೆಲದ ಮೇಲೆ ಒಂದು ಲೀಟರ್ ಚೆಲ್ಲಿದ್ದರೆ ಗಾಬರಿಯಾಗುವುದು ಸಹಜ, ಆದರೆ ಹಸು ಅದನ್ನು ತಾಳಿಕೊಳ್ಳುತ್ತದೆ. ಎಳೆಗರುವಿಗೆ ಅರ್ಧ ಲೀಟರ್ ನಷ್ಟವೂ ದೊಡ್ಡದು. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಕಟ್ಟಿ.

ಕೊಂಬು ಮುರಿದಾಗ ವಿಶೇಷ ಎಚ್ಚರಿಕೆ ಬೇಕು. ಹೊರಚಿಪ್ಪು ಮಾತ್ರ ಕಳಚಿದ್ದರೆ ಒತ್ತಿ ಕಟ್ಟಿದಾಗ ರಕ್ತ ನಿಲ್ಲುತ್ತದೆ. ಬುಡದಲ್ಲಿ ಮುರಿದಿದ್ದರೆ ರಕ್ತ ಚಿಮ್ಮುತ್ತದೆ. ಬೆಳೆದ ದನದ ಕೊಂಬಿನ ಒಳಗಿನ ಪೊಳ್ಳು ಹಣೆಯ ಮೂಳೆಯ ಪೊಳ್ಳಿಗೆ ಕೂಡಿಕೊಂಡಿರುವುದರಿಂದ ಅಲ್ಲಿ ಸುರಿದ ಬೂದಿ, ಅರಿಶಿನ, ಎಣ್ಣೆ ಎಲ್ಲವೂ ತಲೆಯೊಳಗೆ ಸೇರಿ ಕೀವಾಗಲು ದಾರಿಯಾಗುತ್ತದೆ. ಏನನ್ನೂ ಸುರಿಯದೆ ಬಟ್ಟೆ ಮುಚ್ಚಿ, ಇನ್ನೊಂದು ಕೊಂಬನ್ನು ಆಧಾರವಾಗಿಸಿ ಎಂಟರ ಆಕಾರದಲ್ಲಿ ಕಟ್ಟಿ.

ಏಳಲಾಗದ ದನವನ್ನು ಬಾಲ ಹಿಡಿದು ಎಳೆದು ಎಬ್ಬಿಸಬಾರದು. ಪಕ್ಕಕ್ಕೆ ಮಲಗಿದ್ದರೆ ಹೊಟ್ಟೆ ಉಬ್ಬರಿಸಿ ಸಾಯುವ ಅಪಾಯವುಂಟು. ಹುಲ್ಲಿನ ಮೂಟೆಗಳ ಆಸರೆಯಿಂದ ಎದೆಯ ಮೇಲೆ ಕೂರಿಸಿ. ಸುಸ್ತಾಗಿದೆ ಎಂದು ಗೊಟ್ಟದಲ್ಲಿ ನೀರು, ಗಂಜಿ, ಔಷಧಿ ಹಾಕುವ ರೂಢಿ ಇನ್ನೂ ಹೋಗಿಲ್ಲ. ನುಂಗಲಾರದ ದನಕ್ಕೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ರಕ್ತ ನಿಂತ ಸಾಮಾನ್ಯ ಗಾಯವನ್ನು, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ಧಾರಾಳವಾಗಿ ತೊಳೆಯಿರಿ. ನಾಯಿ ಕಚ್ಚಿದ್ದರೆ ಕೈಗವಸು ಧರಿಸಿ ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ರೇಬಿಸ್ ಲಸಿಕೆಗಾಗಿ ಅಂದೇ ವೈದ್ಯರನ್ನು ಕಾಣಬೇಕು. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫೆನಾಕ್ ಅನ್ನು ಪಶುಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ.

ವೈದ್ಯರು ಬಂದಾಗ ಪೆಟ್ಟಾದ ಸಮಯ, ನೀವು ಎಣಿಸಿದ ಉಸಿರು ಮತ್ತು ನಾಡಿ, ಕೊಟ್ಟ ಔಷಧಿ, ಹಸು ಗಬ್ಬವಾಗಿದ್ದರೆ ಎಷ್ಟು ತಿಂಗಳು ಎಂಬುದನ್ನು ತಿಳಿಸಿ. ಗಬ್ಬದ ಹಸುವಿಗೆ ಕೆಲವು ಚುಚ್ಚುಮದ್ದುಗಳು ಗರ್ಭಪಾತ ಉಂಟುಮಾಡಬಲ್ಲವು.