ಟ್ರಂಪೆಟ್ ವಾದಕರಿಗೆ ತುಟಿಯೇ ಬಂಡವಾಳ: ವೃತ್ತಿಪರ ಮಟ್ಟಕ್ಕೇರಲು ಏನೆಲ್ಲಾ ಬೇಕು?

ಮದುವೆ ದಿಬ್ಬಣದ ಬ್ಯಾಂಡ್‌ಸೆಟ್, ದೆಹಲಿಯ ವಿಜಯ್ ಚೌಕ್‌ನಲ್ಲಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್, ಹಳೆಯ ಹಿಂದಿ ಚಿತ್ರಗೀತೆಗಳು ಹೀಗೆ ಟ್ರಂಪೆಟ್ ದನಿಯನ್ನು ಎಲ್ಲಾದರೊಂದು ಕಡೆ ಕೇಳದವರು ಕಡಿಮೆ. ಮೂರೇ ಗುಂಡಿಗಳ ಈ ಹಿತ್ತಾಳೆ ವಾದ್ಯ ನೋಡಲು ಸರಳ. ಆದರೆ ಅದನ್ನು ನಂಬಿ ಬದುಕು ಕಟ್ಟಿಕೊಳ್ಳುವ ಹಾದಿ ಸುಲಭದ್ದಲ್ಲ. ಇದರ ನಾದ ಹುಟ್ಟುವುದು ವಾದಕರ ತುಟಿಯಲ್ಲಿ. ತಂತಿ ಹರಿದರೆ ಹೊಸದು ಹಾಕಬಹುದು, ತುಟಿಗೆ ಬದಲಿ ಇಲ್ಲ.

ಮೂರು ವಾಲ್ವ್, ನೂರು ಕಸರತ್ತು

ಹೆಚ್ಚು ಬಳಕೆಯಲ್ಲಿರುವ ಬಿ-ಫ್ಲಾಟ್ ಟ್ರಂಪೆಟ್‌ನ ಕೊಳವೆಯನ್ನು ನೇರ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದವಾಗುತ್ತದೆ. ಎರಡನೇ ವಾಲ್ವ್ ಒತ್ತಿದರೆ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ, ಮೊದಲನೆಯದು ಒಂದು ಮೆಟ್ಟಿಲು, ಮೂರನೆಯದು ಒಂದೂವರೆ ಮೆಟ್ಟಿಲು ಇಳಿಸುತ್ತದೆ. ಬೆರಳು ಕದಲಿಸದೆಯೂ ಒಂದೇ ಸ್ಥಿತಿಯಲ್ಲಿ ಹಲವು ಸ್ವರಗಳನ್ನು ನುಡಿಸಬಹುದು. ಅವುಗಳಲ್ಲಿ ಯಾವುದು ಹೊರಬರಬೇಕೆಂದು ತೀರ್ಮಾನಿಸುವುದು ತುಟಿಯ ಬಿಗಿ ಮತ್ತು ಉಸಿರಿನ ವೇಗ. ತುಟಿ ಮತ್ತು ಸುತ್ತಲಿನ ಸ್ನಾಯುಗಳನ್ನು ಹದವಾಗಿ ಹಿಡಿಯುವ ಈ ಕಲೆಗೆ ‘ಎಂಬಷರ್’ ಎನ್ನುತ್ತಾರೆ.

ವಾಲ್ವ್ ಬರುವ ಮೊದಲು ಟ್ರಂಪೆಟ್‌ಗೆ ಎಲ್ಲ ಸ್ವರಗಳೂ ದಕ್ಕುತ್ತಿರಲಿಲ್ಲ. ಹೇಡನ್ 1796ರಲ್ಲಿ ಬರೆದ ಪ್ರಸಿದ್ಧ ಟ್ರಂಪೆಟ್ ಕನ್ಸರ್ಟೊ, ಕೊಳಲಿನಂತೆ ರಂಧ್ರಗಳಿದ್ದು ಅವುಗಳಿಗೆ ಮುಚ್ಚಳದ ಕೀಲಿಗಳಿದ್ದ ಟ್ರಂಪೆಟ್‌ಗಾಗಿ ರಚಿತವಾದದ್ದು. ವಾಲ್ವ್‌ಗೆ ಜರ್ಮನಿಯಲ್ಲಿ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ.

ದಿನಚರಿ ಹೇಗಿರಬೇಕು?

ಪ್ಯಾರಿಸ್‌ನ ಜ್ಯಾಂ ಬ್ಯಾಪ್ಟಿಸ್ಟ್ ಅರ್ಬಾನ್ 1864ರಲ್ಲಿ ಪ್ರಕಟಿಸಿದ ಅಭ್ಯಾಸ ಪುಸ್ತಕ ಇಂದಿಗೂ ವಿದ್ಯಾರ್ಥಿಗಳ ಕೈಪಿಡಿ. ವೃತ್ತಿಪರರ ಅಭ್ಯಾಸದಲ್ಲಿ ಸಾಮಾನ್ಯವಾಗಿ ಇವು ಇರುತ್ತವೆ:

* ಲಾಂಗ್ ಟೋನ್: ಒಂದೇ ಸ್ವರವನ್ನು ಅಲುಗದಂತೆ ದೀರ್ಘವಾಗಿ ಹಿಡಿಯುವುದು.
* ಲಿಪ್ ಸ್ಲರ್: ವಾಲ್ವ್ ಬದಲಿಸದೆ ಸ್ವರದಿಂದ ಸ್ವರಕ್ಕೆ ಜಾರುವುದು.
* ಟಂಗಿಂಗ್: ನಾಲಿಗೆಯಿಂದ ಸ್ವರಗಳನ್ನು ಬಿಡಿಸುವುದು. ವೇಗಕ್ಕೆ ‘ತ-ಕ’, ಮೂರರ ನಡೆಗೆ ‘ತ-ತ-ಕ’ ಎಂದು ನಾಲಿಗೆ ಆಡಿಸುತ್ತಾರೆ. ಮೃದಂಗದ ಸೊಲ್ಲುಕಟ್ಟು ಬಲ್ಲವರಿಗೆ ಇದು ಬೇಗ ಒಗ್ಗುತ್ತದೆ.
* ವಿರಾಮ: ಎಷ್ಟು ಹೊತ್ತು ನುಡಿಸುತ್ತೀರೋ ಅಷ್ಟೇ ಹೊತ್ತು ತುಟಿಗೆ ಬಿಡುವು ಕೊಡಿ ಎಂಬುದು ಶಿಕ್ಷಕರ ಹಳೆಯ ಬುದ್ಧಿಮಾತು.

ತುಟಿ ಸೋತಾಗ

ತಾರಸ್ಥಾಯಿ ಮುಟ್ಟುವ ಆತುರದಲ್ಲಿ ಮೌತ್‌ಪೀಸನ್ನು ತುಟಿಗೆ ಒತ್ತಿ ಹಿಡಿಯುವುದು ಹೊಸಬರು ಮಾಡುವ ದೊಡ್ಡ ತಪ್ಪು. ಆ ಕ್ಷಣಕ್ಕೆ ಸ್ವರ ಬರುತ್ತದೆ, ಆದರೆ ರಕ್ತಸಂಚಾರ ತಗ್ಗಿ ತುಟಿ ಬಾತುಕೊಳ್ಳುತ್ತದೆ. ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್ 1930ರ ದಶಕದ ಮಧ್ಯದಲ್ಲಿ ತುಟಿಯ ಗಾಯದಿಂದಾಗಿ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ತುಟಿಯ ಸುತ್ತಲಿನ ಸ್ನಾಯು ಹರಿಯುವ ಸಮಸ್ಯೆಯನ್ನು ಅವರ ಅಡ್ಡಹೆಸರಿನಿಂದ ‘ಸ್ಯಾಚ್ಮೊ ಸಿಂಡ್ರೋಮ್’ ಎಂದೇ ಕರೆಯುತ್ತಾರೆ. 1960ರ ದಶಕದಲ್ಲಿ ಹಲ್ಲೆಗೊಳಗಾಗಿ ಹಲ್ಲು ಕೆಡಿಸಿಕೊಂಡ ಚೆಟ್ ಬೇಕರ್, ಕಟ್ಟಿಸಿದ ಹಲ್ಲಿನೊಂದಿಗೆ ನುಡಿಸುವುದನ್ನು ಮೊದಲಿನಿಂದ ಕಲಿತರು.

ತುಟಿ ಜೋಮು ಹಿಡಿಯುವುದು, ನಿನ್ನೆ ಸಲೀಸಾಗಿ ಬಂದ ಸ್ವರ ಇಂದು ತಪ್ಪುವುದು, ನೋವು ಮರುದಿನವೂ ಉಳಿಯುವುದು ಎಚ್ಚರಿಕೆಯ ಗಂಟೆ. ಇಂಥ ಸಮಯದಲ್ಲಿ ಹಟ ಹಿಡಿದು ನುಡಿಸುವ ಬದಲು ನಿಲ್ಲಿಸುವುದೇ ಜಾಣತನ. ತೊಂದರೆ ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಆಡಿಷನ್ ಎಂಬ ಅಗ್ನಿಪರೀಕ್ಷೆ

ವಿದೇಶದ ಅನೇಕ ಆರ್ಕೆಸ್ಟ್ರಾಗಳಲ್ಲಿ ಆಯ್ಕೆಯ ಮೊದಲ ಸುತ್ತು ಪರದೆಯ ಹಿಂದೆ ನಡೆಯುತ್ತದೆ. ತೀರ್ಪುಗಾರರಿಗೆ ಕೇಳಿಸುವುದು ದನಿ ಮಾತ್ರ. ಮಾಹ್ಲರ್‌ನ ಐದನೇ ಸಿಂಫನಿ, ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ನ ರವೇಲ್ ರೂಪ ಇಲ್ಲಿ ಸಾಮಾನ್ಯವಾಗಿ ಕೇಳುವ ಕೃತಿಗಳು. ಎರಡೂ ಆರಂಭವಾಗುವುದು ಒಂಟಿ ಟ್ರಂಪೆಟ್‌ನಿಂದ. ಮೊದಲ ಸ್ವರ ತಡವರಿಸಿದರೆ ಮುಚ್ಚಿಡಲು ಪಕ್ಕವಾದ್ಯವಿಲ್ಲ. ಜತೆಗೆ ಸಿ ಟ್ರಂಪೆಟ್, ಪಿಕೊಲೊ ಟ್ರಂಪೆಟ್‌ಗಳ ಮೇಲೂ ಹಿಡಿತವಿರಬೇಕು. ಬೇರೆ ಶ್ರುತಿಗೆ ಬರೆದ ಸ್ವರಲಿಪಿಯನ್ನು ಓದುತ್ತಲೇ ಬದಲಿಸಿ ನುಡಿಸಲೂ ಬರಬೇಕು.

ಭಾರತದಲ್ಲಿ ಅವಕಾಶ

ಮುಂಬೈ ಚಿತ್ರರಂಗಕ್ಕೆ ಟ್ರಂಪೆಟ್ ರುಚಿ ಹತ್ತಿಸಿದವರಲ್ಲಿ ಗೋವಾ ಮೂಲದ ವಾದಕರ ಪಾತ್ರ ದೊಡ್ಡದು. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರೊಂದಿಗೆ ದುಡಿದ ಚಿಕ್ ಚಾಕೊಲೇಟ್ ಅವರನ್ನು ‘ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್’ ಎನ್ನುತ್ತಿದ್ದರು. ಸಿಂಥಸೈಜರ್ ಬಂದ ಬಳಿಕ ಸ್ಟುಡಿಯೋ ವಾದ್ಯವೃಂದಗಳು ಸೊರಗಿದವು.

ಈಗ ಇರುವ ದಾರಿಗಳು ಕೆಲವೇ. ಸೇನೆಯ ಬ್ಯಾಂಡ್ ವಾದಕರಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ತರಬೇತಿ ಕೇಂದ್ರವಿದೆ. ಅದು ಕೊಡಗಿನ ಕೆ.ಎಂ. ಕಾರ್ಯಪ್ಪ ಅವರ ಪ್ರೋತ್ಸಾಹದಿಂದ ಆರಂಭವಾದದ್ದು. ಮುಂಬೈನ ಎನ್‌ಸಿಪಿಎಯಲ್ಲಿ 2006ರಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಟ್ರಿನಿಟಿ ಕಾಲೇಜ್ ಲಂಡನ್ ಮತ್ತು ಎಬಿಆರ್‌ಎಸ್‌ಎಂ ಸಂಸ್ಥೆಗಳ ಎಂಟು ಹಂತದ ಗ್ರೇಡ್ ಪರೀಕ್ಷೆಗಳನ್ನು ಭಾರತದಲ್ಲೇ ಬರೆಯಬಹುದು. ಆದರೂ ಹೆಚ್ಚಿನವರು ಪಾಠ, ರೆಕಾರ್ಡಿಂಗ್, ಸಮಾರಂಭಗಳನ್ನು ಜೋಡಿಸಿಕೊಂಡೇ ಜೀವನ ಸಾಗಿಸುತ್ತಾರೆ.

ಹಾಗಾಗಿ ಮಕ್ಕಳನ್ನು ಈ ವಾದ್ಯಕ್ಕೆ ಸೇರಿಸುವವರು ದುಬಾರಿ ಟ್ರಂಪೆಟ್‌ಗಿಂತ ಮೊದಲು ಒಳ್ಳೆಯ ಗುರುವನ್ನು ಹುಡುಕುವುದು ಲೇಸು. ವಾದ್ಯವನ್ನು ಮುಂದೆಂದಾದರೂ ಬದಲಿಸಬಹುದು, ತುಟಿಗೆ ಆರಂಭದಲ್ಲೇ ಅಂಟಿದ ತಪ್ಪು ಅಭ್ಯಾಸ ಬಿಡಿಸುವುದಕ್ಕೆ ವರ್ಷಗಳೇ ಹಿಡಿಯುತ್ತವೆ.