ಘರ್ಷಣೆ ಗಂಟು

ಭಾರ ಬಿದ್ದಾಗ ಹಗ್ಗವನ್ನು ಕಚ್ಚಿ ಹಿಡಿದು, ಭಾರ ಇಳಿದೊಡನೆ ಕೈಯಿಂದ ಸರಿಸಬಹುದಾದ ಗಂಟು. ಮರ ಹತ್ತುವವರೂ ಪರ್ವತಾರೋಹಿಗಳೂ ಬಳಸುತ್ತಾರೆ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ವಿವರಿಸಿದ, ಅವರದೇ ಹೆಸರಿನ ಗಂಟು ಇಂಥ ಗಂಟುಗಳಲ್ಲಿ ಅತ್ಯಂತ ಪ್ರಸಿದ್ಧ.

ಹಿಡಿತ ಹುಟ್ಟುವುದು ಸುತ್ತುಗಳಿಂದ. ಸುತ್ತುವ ಹುರಿ ಮುಖ್ಯ ಹಗ್ಗಕ್ಕಿಂತ ತೆಳ್ಳಗೆ, ಮೆದುವಾಗಿ ಇದ್ದಷ್ಟೂ ಕಚ್ಚುವುದು ಚೆನ್ನ. 11–13 ಮಿ.ಮೀ. ಹಗ್ಗಕ್ಕೆ ಅಂಥ ಹುರಿ ಆರಿಸಲು ತೊಂದರೆಯಿಲ್ಲ. 8 ಮಿ.ಮೀ. ಹಗ್ಗಕ್ಕೆ ಬಂದಾಗ ಇಕ್ಕಟ್ಟು ಶುರು: 6 ಮಿ.ಮೀ. ಹುರಿಯ ಎರಡು ಸುತ್ತಿನ ಪ್ರೂಸಿಕ್ ಜಾರಬಹುದು, 5 ಮಿ.ಮೀ. ಹುರಿ ಚೆನ್ನಾಗಿ ಕಚ್ಚಿದರೂ ಅದರ ಬಲ ಕಡಿಮೆ. ಹುರಿಯನ್ನು ಇನ್ನಷ್ಟು ತೆಳ್ಳಗೆ ಮಾಡುವ ಬದಲು ಮೂರು-ನಾಲ್ಕು ಸುತ್ತು ಹಾಕುವುದೇ ಮೇಲು. ಸುತ್ತುಗಳು ಒಂದರ ಮೇಲೊಂದು ಹತ್ತದೆ ಸಾಲಾಗಿ ಕೂರಬೇಕು; ಒಂದು ಸುತ್ತು ಅಡ್ಡ ಹಾಯ್ದರೂ ಹಿಡಿತ ಕೆಡುತ್ತದೆ.

ಪ್ರೂಸಿಕ್ ಎರಡೂ ದಿಕ್ಕಿಗೆ ಹಿಡಿಯುತ್ತದೆ, ಆದರೆ ಭಾರ ಹೊತ್ತ ಮೇಲೆ ಸಡಿಲಿಸುವುದು ಕಷ್ಟ. ಕ್ಲೆಮ್‌ಹೈಸ್ಟ್ ಎಂಬ ಇನ್ನೊಂದು ಘರ್ಷಣೆ ಗಂಟು ಒಂದೇ ದಿಕ್ಕಿನದು. ಬಿಚ್ಚುವುದು ಸುಲಭ, ಹತ್ತಲು ಅನುಕೂಲ. ಇಳಿಯುವಾಗ ಆಟೊಬ್ಲಾಕ್ ಎಂಬ ಘರ್ಷಣೆ ಗಂಟನ್ನು ಇಳಿಯುವ ಸಾಧನದ ಕೆಳಗೆ ಕಟ್ಟುತ್ತಾರೆ. ಅದು ಸಾಧನಕ್ಕೆ ತಾಗಿದರೆ ಹಿಡಿಯುವುದೇ ಇಲ್ಲ, ಆದ್ದರಿಂದ ಅದರ ಹುರಿಯ ಕುಣಿಕೆ ಗಿಡ್ಡದಾಗಿರಬೇಕು.

ಬರೀ ಗಂಟಿನ ಮೇಲೆ ವೇಗವಾಗಿ ಇಳಿದರೆ ಹುರಿ ಬಿಸಿಯಾಗುತ್ತದೆ. ಡೈನೀಮಾ ನೂಲಿನ ಹುರಿ ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಮೇಲಾಗಿ ನುಣುಪು. ಈ ಕೆಲಸಕ್ಕೆ ಅದು ಬೇಡ. ನೈಲಾನ್ ಅದಕ್ಕಿಂತ ಹೆಚ್ಚು ಶಾಖ ತಡೆಯುತ್ತದೆ, ಅರಾಮಿಡ್ ನೈಲಾನ್‌ಗಿಂತಲೂ ಹೆಚ್ಚು.

ಹಗ್ಗ, ಹುರಿ ಯಾವುದು ಬದಲಾದರೂ, ಹಗ್ಗ ನೆನೆದಿದ್ದರೂ, ಮೊದಲು ನೆಲದಿಂದ ಒಂದಡಿ ಎತ್ತರದಲ್ಲಿ ಪೂರ್ತಿ ಭಾರ ಬಿಟ್ಟು ಪರೀಕ್ಷಿಸಿಯೇ ಮೇಲೆ ಹತ್ತಬೇಕು.